ಡೋಥಿಯೆಪಿನ್ ಮುಂದುವರಿಸಬೇಕಾ, ಸರ್ಟ್ರಾಲಿನ್‌ಗೆ ಬದಲಾಗಬೇಕಾ?

ಖಿನ್ನತೆಗೆ ವರ್ಷಗಟ್ಟಲೆ ಡೋಥಿಯೆಪಿನ್ ನುಂಗುತ್ತಿರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಬ್ರಿಟನ್‌ನಲ್ಲಿ ಇದಕ್ಕೆ ಡೋಸುಲೆಪಿನ್ ಎನ್ನುತ್ತಾರೆ. 2017ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಇಂಗ್ಲೆಂಡ್, ಹೊಸಬರಿಗೆ ಇದನ್ನು ಶುರು ಮಾಡಬೇಡಿ, ಹಳಬರದ್ದನ್ನು ಬಿಡಿಸಲು ನೋಡಿ ಎಂದು ವೈದ್ಯರಿಗೆ ಹೇಳಿತು.

ಮುಖ್ಯ ಕಾರಣ ಹೃದಯ. ಡೋಸ್ ಮಿತಿಮೀರಿದರೆ ಡೋಥಿಯೆಪಿನ್ ಹೃದಯದ ಬಡಿತ ಕೆಡಿಸಿ ಜೀವವನ್ನೇ ತೆಗೆಯಬಹುದು. ಖಿನ್ನತೆ ಇರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ, ಅಲ್ವಾ? ಈ ವಿಷಯದಲ್ಲಿ ಖಿನ್ನತೆಗೇ ಕೊಡುವ ಇನ್ನೊಂದು ಮಾತ್ರೆ ಸರ್ಟ್ರಾಲಿನ್ ಎಷ್ಟೋ ವಾಸಿ. ಡೋಥಿಯೆಪಿನ್‌ನಿಂದ ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ. ಎದ್ದು ನಿಂತರೆ ತಲೆ ಸುತ್ತುತ್ತದೆ. ವಯಸ್ಸಾದವರು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದುಬಿಡಬಹುದು.

ನಿದ್ದೆ ಬರಿಸುವುದರಲ್ಲಿ ಮಾತ್ರ ಡೋಥಿಯೆಪಿನ್‌ನದೇ ಮೇಲುಗೈ. ಸರ್ಟ್ರಾಲಿನ್ ಶುರುವಿನಲ್ಲಿ ವಾಕರಿಕೆ ತರುತ್ತದೆ, ಲೈಂಗಿಕ ಆಸಕ್ತಿ ತಗ್ಗಿಸಬಹುದು. ಆಸ್ಪಿರಿನ್ ಜೊತೆ ರಕ್ತಸ್ರಾವದ ಭಯವೂ ಇದೆ.

ಖರ್ಚು? ಸರ್ಟ್ರಾಲಿನ್ ಜೆನೆರಿಕ್ ಆಗಿ ಸಿಗುತ್ತದೆ, ಹೆದರಬೇಕಿಲ್ಲ.

ಹೃದಯದ ತೊಂದರೆ, ಇಳಿವಯಸ್ಸು, ಹಿಂದೆ ಮಾತ್ರೆ ಜಾಸ್ತಿ ನುಂಗಿದ್ದು: ಇವುಗಳಲ್ಲಿ ಒಂದಿದ್ದರೂ ಬದಲಾವಣೆಯೇ ಸರಿ ಎನ್ನುತ್ತೇನೆ. ಆದರೆ ಸುಮ್ನೆ ಒಂದು ದಿನ ನಿಲ್ಲಿಸಬೇಡಿ. ವಾರಗಟ್ಟಲೆ ಹಂತಹಂತವಾಗಿ ಇಳಿಸಬೇಕು. ಸರ್ಟ್ರಾಲಿನ್ ರಕ್ತದಲ್ಲಿ ಡೋಥಿಯೆಪಿನ್ ಪ್ರಮಾಣವನ್ನು ಏರಿಸಬಹುದು. ಎರಡನ್ನೂ ನೀವಾಗಿಯೇ ಬೆರೆಸಬೇಡಿ. ಎಲ್ಲ ಮಾತ್ರೆಗಳ ಸ್ಟ್ರಿಪ್ ಹಿಡಿದು ವೈದ್ಯರ ಬಳಿ ಹೋಗಿ, ಇಸಿಜಿ ಬೇಕಾ ಎಂದು ಕೇಳಿ.