ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರುವ ಮುನ್ನ ಕೇಳಿ: ಕಂತು ಯಾರಿಗೆ?

ಸ್ಪೋಕನ್ ಇಂಗ್ಲಿಷ್ ಕಲಿಯಲು ಹೊರಟಿರುವ ಹುಡುಗ ಹುಡುಗಿಯರಿಗೆ, ಅವರ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ‘ಫೀಸನ್ನು ತಿಂಗಳ ಕಂತಿನಲ್ಲಿ ಕಟ್ಟಬಹುದು, ಬಡ್ಡಿ ಇಲ್ಲ’ ಎಂದು ತರಬೇತಿ ಕೇಂದ್ರದವರು ಹೇಳಿದ ಕೂಡಲೇ ಒಂದು ಪ್ರಶ್ನೆ ಕೇಳಿ: ಆ ಕಂತು ಹೋಗಿ ಸೇರುವುದು ಯಾರಿಗೆ? ಕೇಂದ್ರಕ್ಕೇ ಆದರೆ, ಪಾಠ ಸರಿಯಿಲ್ಲದ ದಿನ ಜಗಳವಾಡಲು ನಿಮ್ಮ ಕೈಯಲ್ಲಿ ಉಳಿದ ಹಣವಾದರೂ ಇರುತ್ತದೆ. ಯಾವುದೋ ಫೈನಾನ್ಸ್ ಕಂಪನಿಗೆ ಆದರೆ ಅದು ಸಾಲ. ಕೇಂದ್ರದವರು ಪೂರ್ತಿ ಹಣವನ್ನು ಮೊದಲ ವಾರವೇ ಎಣಿಸಿಕೊಂಡಿರುತ್ತಾರೆ. ನನ್ನ ತಮ್ಮ ಈಗ ಅಂಥದೊಂದು ಸಾಲ ತೀರಿಸುತ್ತಿದ್ದಾನೆ. ಅವನು ಕಲಿಯಬೇಕಿದ್ದ ಕೇಂದ್ರಕ್ಕೆ ಬೀಗ ಬಿದ್ದಿದೆ.

ಅವನು ಅರಸೀಕೆರೆ ಕಡೆಯ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಬಿ.ಕಾಂ.ನಲ್ಲಿ ಒಳ್ಳೆಯ ಅಂಕ ಬಂದಿತ್ತು, ಲೆಕ್ಕದಲ್ಲಿ ನನಗಿಂತ ಚುರುಕು. ಆದರೆ ಸಂದರ್ಶನದಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಸಾಕು, ನಾಲಿಗೆ ಒಣಗುತ್ತಿತ್ತು. ಬೆಂಗಳೂರಿಗೆ ಬಂದು ಪಿ.ಜಿ.ಯಲ್ಲಿ ಉಳಿದುಕೊಂಡು ಕೆಲಸ ಹುಡುಕುತ್ತಿದ್ದಾಗ ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು: ಉಚಿತ ಡೆಮೊ ತರಗತಿ, ಉಚಿತ ಮಟ್ಟ ಪರೀಕ್ಷೆ, ಮೂರು ತಿಂಗಳಲ್ಲಿ ನಿರರ್ಗಳ ಇಂಗ್ಲಿಷ್. ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಇಂಥವರು ಬೋರ್ಡು ಬದಲಿಸಿಕೊಂಡು ಪಕ್ಕದ ಬಡಾವಣೆಯಲ್ಲಿ ಮತ್ತೆ ತೆರೆಯುತ್ತಾರೆ.

ಆ ಮಟ್ಟ ಪರೀಕ್ಷೆಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಮೋಸ ಅಲ್ಲಿಂದಲೇ ಶುರುವಾಗುತ್ತದೆ. ಕೌನ್ಸೆಲರ್ ಎಂದು ಕರೆಸಿಕೊಳ್ಳುವ ಮಾರಾಟದವರು ಎದುರು ಕೂತು ವೇಗವಾಗಿ ಇಂಗ್ಲಿಷಿನಲ್ಲಿ ನಾಲ್ಕು ಪ್ರಶ್ನೆ ಎಸೆಯುತ್ತಾರೆ. ಹುಡುಗ ತಡವರಿಸುತ್ತಾನೆ. ಆಗ ಅವರು ಮೃದುವಾಗಿ ಕನ್ನಡಕ್ಕೆ ಇಳಿದು, ‘ನಿನ್ನ ವಯಸ್ಸಿನವರೆಲ್ಲ ಎಲ್ಲಿಗೆ ತಲುಪಿದ್ದಾರೆ ನೋಡು, ಊರಿನಲ್ಲಿ ಅಪ್ಪನಿಗೆ ಇನ್ನೂ ಎಷ್ಟು ವರ್ಷ ಭಾರವಾಗಿರುತ್ತೀಯ?’ ಎನ್ನುತ್ತಾರೆ. ಹಾಳೆಯ ಮೇಲೆ ‘ಎ1’ ಎಂದು ಬರೆದು ದೊಡ್ಡ ಸುತ್ತು ಹಾಕುತ್ತಾರೆ. ಎ1 ಎಂದರೆ ಯುರೋಪಿನ ಭಾಷಾ ಮಾನದಂಡದಲ್ಲಿ ಕಲಿಕೆಯ ಮೊದಲ ಮೆಟ್ಟಿಲು, ಸಿ2 ಕೊನೆಯದು. ಡಿಗ್ರಿಯ ಪಠ್ಯವನ್ನು ಇಂಗ್ಲಿಷಿನಲ್ಲೇ ಓದಿ ಬರೆದು ಪಾಸಾದವನು ಎ1 ಆಗಿರುವುದು ಕಷ್ಟ. ಅವನಿಗೆ ಇಲ್ಲದ್ದು ಮಾತಿನ ರೂಢಿ, ಅಷ್ಟೇ. ಆದರೆ ಅವಮಾನವಾದವನು ವಾದ ಮಾಡುವುದಿಲ್ಲ, ಪೆನ್ನು ತೆಗೆದುಕೊಳ್ಳುತ್ತಾನೆ.

ಒಂದು ವರ್ಷದ ಕೋರ್ಸು, ಫೀಸು 48,000 ರೂಪಾಯಿ. ‘ಇವತ್ತೇ ಸೇರಿದರೆ ತಿಂಗಳಿಗೆ ಬರೀ 4,000, ಹನ್ನೆರಡು ಕಂತು, ಬಡ್ಡಿ ಸೊನ್ನೆ.’ ಮನೆಯಲ್ಲಿ ಕೇಳಿ ಬರುತ್ತೇನೆ ಎಂದಾಗ, ‘ಇದನ್ನೂ ಮನೆಯಲ್ಲಿ ಕೇಳಬೇಕಾ?’ ಎಂಬ ನಗು. ನಂತರ ಕೌನ್ಸೆಲರ್ ಅವನ ಮೊಬೈಲನ್ನು ಕೈಗೆ ತೆಗೆದುಕೊಂಡರು. ‘ಕೊಡು, ನೋಂದಣಿ ನಾನೇ ಮಾಡಿಕೊಡುತ್ತೇನೆ.’ ಆಧಾರ್ ಸಂಖ್ಯೆ, ಪ್ಯಾನ್, ಒಂದು ಸೆಲ್ಫಿ, ಬ್ಯಾಂಕ್ ಖಾತೆ, ಡೆಬಿಟ್ ಕಾರ್ಡ್. ಒಂದರ ಹಿಂದೆ ಒಂದು ಒಟಿಪಿ. ಅವನ ಮೊಬೈಲಿನಲ್ಲಿ ಆ ಸಂದೇಶಗಳು ಇನ್ನೂ ಇವೆ, ನಾನು ಓದಿದ್ದೇನೆ. ಒಂದು ಒಟಿಪಿ ಸಾಲದ ಒಪ್ಪಂದಕ್ಕೆ ಇ-ಸಹಿ ಹಾಕಲು, ಇನ್ನೊಂದು ಖಾತೆಯಿಂದ ತಿಂಗಳು ತಿಂಗಳು ಹಣ ತಾನಾಗಿಯೇ ಕಡಿತವಾಗುವ ಇ-ಮ್ಯಾಂಡೇಟಿಗೆ. ಯಾವುದು ಯಾವುದಕ್ಕೆಂದು ಸಂದೇಶದಲ್ಲೇ ಬರೆದಿತ್ತು, ಇಂಗ್ಲಿಷಿನಲ್ಲಿ. ಮೊಬೈಲು ಮಾತ್ರ ಮೇಜಿನ ಆ ಬದಿಯಲ್ಲಿತ್ತು. ಇಮೇಲಿಗೆ ಬಂದ ಒಪ್ಪಂದ ಹದಿನಾರು ಪುಟ, ಅದೂ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬರುವುದಿಲ್ಲ ಎಂದು ಸುತ್ತು ಹಾಕಿದ ಕೈಯೇ ಆ ಒಪ್ಪಂದಕ್ಕೆ ಅವನಿಂದ ಸಹಿ ಹಾಕಿಸಿತು.

ಬಡ್ಡಿ ಸೊನ್ನೆ ಎಂಬ ಮಾತಿಗೆ ಬರುತ್ತೇನೆ. ನಾನು ಲೆಕ್ಕಪತ್ರದ ಕೆಲಸದಲ್ಲಿರುವವಳು, ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಅದೇ ಬ್ಯಾಚಿನ ಒಬ್ಬ ಹುಡುಗಿ ಪೂರ್ತಿ ಹಣ ಒಮ್ಮೆಲೇ ಕಟ್ಟಿದ್ದಳು, ಅವಳಿಗೆ ಕೋರ್ಸು 40,000ಕ್ಕೆ ಸಿಕ್ಕಿತ್ತು. ಅಂದರೆ 40,000ದ ವಸ್ತುವಿಗೆ ತಿಂಗಳಿಗೆ 4,000ದಂತೆ ಹನ್ನೆರಡು ತಿಂಗಳು. ಪ್ರತಿ ತಿಂಗಳೂ ಅಸಲು ಕರಗುತ್ತಾ ಹೋಗುವುದನ್ನು ಲೆಕ್ಕಕ್ಕೆ ಹಿಡಿದರೆ ವಾರ್ಷಿಕ ಬಡ್ಡಿ ಶೇಕಡ 35ರ ಆಸುಪಾಸು. ಇಂಥ ವ್ಯವಸ್ಥೆಯಲ್ಲಿ ಫೈನಾನ್ಸ್ ಕಂಪನಿ ಕೇಂದ್ರಕ್ಕೆ 48,000ವನ್ನು ಹಾಗೇ ಕೊಡುವುದಿಲ್ಲ, ತನ್ನ ಬಡ್ಡಿಯನ್ನು ಮೊದಲೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತದೆ. ಮುರಿದುಕೊಂಡದ್ದು ಫೀಸಿನೊಳಗೇ ಸೇರಿರುತ್ತದೆ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಅಂಗಡಿಗಳ ಬೋರ್ಡಿನಿಂದ ಆ ಸೊನ್ನೆ ಇಂದಿಗೂ ಅಳಿದಿಲ್ಲ.

ತರಗತಿ ಮೊದಮೊದಲು ಚೆನ್ನಾಗಿಯೇ ನಡೆಯಿತು. ಪಾಠ ಮಾಡುತ್ತಿದ್ದ ಶಿಕ್ಷಕಿಯ ಬಗ್ಗೆ ತಮ್ಮ ಇವತ್ತಿಗೂ ಒಳ್ಳೆಯ ಮಾತೇ ಆಡುತ್ತಾನೆ. ಸಂಬಳ ಬಾರದೆ ಆಕೆ ಬಿಟ್ಟರು. ಎರಡು ಬ್ಯಾಚು ಒಂದಾಯಿತು, ನಂತರ ತರಗತಿ ಆನ್‌ಲೈನಿಗೆ ಹೋಯಿತು, ಆಮೇಲೆ ‘ತಾಂತ್ರಿಕ ಕಾರಣ’, ಆಮೇಲೆ ಬೀಗ. ಕೇಂದ್ರವೇ ಮುಚ್ಚಿದ ಮೇಲೆ ಕಂತೇಕೆ ಎಂದುಕೊಂಡು ಅವನು ಖಾತೆಯಲ್ಲಿ ಹಣ ಇಡುವುದನ್ನು ನಿಲ್ಲಿಸಿದ. ಕಂತು ಬೌನ್ಸ್ ಆಯಿತು. ಬೌನ್ಸ್ ಆದಾಗ ಬ್ಯಾಂಕಿನದೊಂದು ದಂಡ, ಸಾಲ ಕೊಟ್ಟವರದೊಂದು ದಂಡ.

ನನಗೆ ವಿಷಯ ತಿಳಿದದ್ದು ವಸೂಲಿಯವನ ಕರೆಯಿಂದ. ಅರ್ಜಿಯಲ್ಲಿ ‘ಪರಿಚಿತರು’ ಎಂಬ ಜಾಗದಲ್ಲಿ ನನ್ನ ಸಂಖ್ಯೆ ಇತ್ತು. ಕಚೇರಿಯಲ್ಲಿದ್ದೆ. ‘ನಿಮ್ಮ ತಮ್ಮ ದುಡ್ಡು ತಿಂದು ಓಡಿಹೋಗಿದ್ದಾನೆ, ಎರಡು ವರ್ಷ ಜೈಲು’ ಎಂದ. ರಾತ್ರಿ ಒಂಬತ್ತೂವರೆಗೆ ಮತ್ತೊಬ್ಬ ಊರಿಗೆ, ಅಪ್ಪನಿಗೆ ಕರೆ ಮಾಡಿದ. ಅಪ್ಪ ಮಗನಿಗೇನೋ ಅಪಘಾತವಾಗಿದೆ ಎಂದೇ ತಿಳಿದು ಬೆಳಗಿನ ಮೊದಲ ರೈಲಿಗೆ ಹೊರಟು ಬಂದರು.

ಆ ಜೈಲಿನ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಹೆದರಿಸುತ್ತದೆ. ಇ-ಮ್ಯಾಂಡೇಟ್ ಹಣವಿಲ್ಲದೆ ಬೌನ್ಸ್ ಆದರೆ, 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಚೆಕ್ ಬೌನ್ಸಿನ ಹಾಗೆಯೇ ಪ್ರಕರಣ ಹೂಡಬಹುದು. ಆದರೆ ಅದಕ್ಕೂ ನೋಟಿಸು, ಗಡುವು, ನ್ಯಾಯಾಲಯ ಎಂಬ ದಾರಿ ಇದೆ, ಫೋನಿನಲ್ಲಿ ಕಿರುಚುವವನು ಯಾರನ್ನೂ ಜೈಲಿಗೆ ಕಳುಹಿಸಲಾರ. ವಸೂಲಿಗಾಗಿ ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಕರೆ ಮಾಡುವಂತಿಲ್ಲ, ಸಾಲಗಾರನ ಮನೆಯವರನ್ನು, ಪರಿಚಿತರನ್ನು, ಸ್ನೇಹಿತರನ್ನು ಕಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ನಾವು ಕರೆಗಳ ಸಮಯ ಕಾಣುವ ಚಿತ್ರ, ಧ್ವನಿಮುದ್ರಿಕೆ ಎಲ್ಲವನ್ನೂ ಜೋಡಿಸಿಟ್ಟುಕೊಂಡೆವು. ಮುಂದೆ ಕೆಲಸಕ್ಕೆ ಬಂದದ್ದು ಅದೊಂದೇ.

ಇದೇನೂ ಹೊಸ ರೋಗವಲ್ಲ. ಆನ್‌ಲೈನ್ ಶಿಕ್ಷಣ ಕಂಪನಿಗಳ ಸ್ವಯಂಚಾಲಿತ ಕಡಿತದ ಒಪ್ಪಿಗೆಯ ಬಗ್ಗೆ ಎಚ್ಚರವಾಗಿರಿ ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಪೋಷಕರಿಗೆ ಸೂಚನೆ ಹೊರಡಿಸಿತ್ತು. ಮರುವರ್ಷದ ಡಿಸೆಂಬರ್‌ನಲ್ಲಿ, ಸಾಲ ಮಾಡಿಸಿ ಕೋರ್ಸು ಮಾರಿದ ಆರೋಪದ ಮೇಲೆ ಬೈಜೂಸ್ ಮುಖ್ಯಸ್ಥರಿಗೇ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಸಮನ್ಸ್ ನೀಡಿತ್ತು. ದೊಡ್ಡವರ ಸುದ್ದಿ ಪತ್ರಿಕೆಯಲ್ಲಿ ಬಂತು. ಎರಡನೆಯ ಮಹಡಿಯ ಬಾಡಿಗೆ ಕೋಣೆಯ ಕೇಂದ್ರಗಳ ಸುದ್ದಿ ಯಾರಿಗೂ ಬೇಕಿಲ್ಲ.

ಸಾಲ ಮಾಡಿಯೇ ಕಲಿಯಬೇಕೆಂದಿದ್ದರೂ ಒಂದು ಕಾಗದವನ್ನು ಕೇಳಿ ಪಡೆಯಿರಿ. 2024ರ ಅಕ್ಟೋಬರ್ 1ರಿಂದ, ಬ್ಯಾಂಕ್ ಇರಲಿ ಎನ್‌ಬಿಎಫ್‌ಸಿ ಎನ್ನುವ ಬ್ಯಾಂಕಲ್ಲದ ಫೈನಾನ್ಸ್ ಕಂಪನಿ ಇರಲಿ, ವ್ಯಕ್ತಿಗಳಿಗೆ ಹೊಸ ಚಿಲ್ಲರೆ ಸಾಲ ಕೊಡುವಾಗ ಕೆಎಫ್‌ಎಸ್ ಎಂಬ ಪ್ರಮುಖ ವಿವರಗಳ ಪಟ್ಟಿ ಕೊಡಲೇಬೇಕು. ಸಾಲ ಎಷ್ಟು, ಎಲ್ಲ ಶುಲ್ಕವೂ ಸೇರಿ ವಾರ್ಷಿಕ ದರ ಎಷ್ಟು, ಕಂತು ತಪ್ಪಿದರೆ ದಂಡ ಎಷ್ಟು, ದೂರು ಯಾರಿಗೆ, ಎಲ್ಲವೂ ಅದರಲ್ಲಿರಬೇಕು. ಮುಖ್ಯವಾಗಿ, ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅಂದರೆ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು, ಯಾರ ದಯೆಯೂ ಅಲ್ಲ. ಒಂದು ವಾರಕ್ಕಿಂತ ದೀರ್ಘ ಅವಧಿಯ ಸಾಲವಾದರೆ ಅದನ್ನು ಓದಿ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳ ಅವಕಾಶವೂ ಇದೆ. ‘ಇವತ್ತೇ ಕೊನೆಯ ದಿನ’ ಎನ್ನುವ ಕೌನ್ಸೆಲರ್ ಮುಂದೆ, ಕನ್ನಡದ ಕೆಎಫ್‌ಎಸ್ ಕೊಡಿ, ಮೂರು ದಿನ ಬಿಟ್ಟು ಬರುತ್ತೇನೆ ಎಂದು ಹೇಳಿ ನೋಡಿ. ಅವರ ಮುಖವೇ ಉಳಿದದ್ದನ್ನು ತಿಳಿಸುತ್ತದೆ. ಪಿಯುಸಿ ಮಕ್ಕಳ ವಿಷಯದಲ್ಲಿ ಇನ್ನೊಂದು ತಿರುವಿದೆ: ಹದಿನೆಂಟು ತುಂಬದವರ ಜೊತೆಗಿನ ಒಪ್ಪಂದಕ್ಕೆ ಕಾನೂನಿನ ಬೆಲೆಯಿಲ್ಲ, ಹಾಗಾಗಿ ಸಾಲ ಅಪ್ಪನ ಅಥವಾ ಅಮ್ಮನ ಹೆಸರಿನಲ್ಲಿ ಆಗಿರುತ್ತದೆ. ಮಗಳ ಮೊಬೈಲಿನಿಂದ ಕರೆ ಮಾಡಿ ‘ಅಮ್ಮಾ, ಒಂದು ಒಟಿಪಿ ಬರುತ್ತದೆ, ಹೇಳು’ ಎಂದರೆ ತಾಯಂದಿರು ಒಂದು ನಿಮಿಷ ಸುಮ್ಮನಿರಿ, ಸಂದೇಶವನ್ನು ಬೇರೆಯವರಿಂದ ಓದಿಸಿಕೊಳ್ಳಿ.

ನಮ್ಮ ಕಥೆ ಸುಖಾಂತವೇನಲ್ಲ. ಫೈನಾನ್ಸ್ ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಬರೆದು, ಮೂವತ್ತು ದಿನ ಕಾದು, ಉತ್ತರ ಬಾರದಿದ್ದಾಗ ರಿಸರ್ವ್ ಬ್ಯಾಂಕಿನ ದೂರು ಪರಿಹಾರ ಅಧಿಕಾರಿಯಾದ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಕೊಟ್ಟೆವು. ಅದಕ್ಕೆ ಶುಲ್ಕವಿಲ್ಲ, 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ವಿವರಿಸುತ್ತಾರೆ. ರಾತ್ರಿ ಕರೆಗಳು ನಿಂತವು, ಬೌನ್ಸ್ ದಂಡ ಮನ್ನಾ ಆಯಿತು, ಅಸಲು ಹಾಗೇ ಉಳಿಯಿತು. ‘ಪಾಠದ ಗುಣಮಟ್ಟ ನಮಗೆ ಸಂಬಂಧಿಸಿದ್ದಲ್ಲ’ ಎಂಬ ಅವರ ವಾಕ್ಯ ಒಪ್ಪಂದದಲ್ಲೇ ಇತ್ತು. ಕೇಂದ್ರದ ಮೇಲೆ 1915ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಮೊದಲು, ನಂತರ ನಮ್ಮ ಊರಿರುವ ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ವ್ಯವಹಾರ ಬೆಂಗಳೂರಿನಲ್ಲಿ ನಡೆದಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರ ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಪ್ರಕರಣ ನಡೆಯುತ್ತಿದೆ. ಈ ನಡುವೆ ಸಾಲ ತೀರಿಸಿದ ಇತಿಹಾಸ ತೋರಿಸುವ ತಮ್ಮನ ಸಿಬಿಲ್ ವರದಿಯಲ್ಲಿ ಕಂತು ತಪ್ಪಿದ ತಿಂಗಳುಗಳು ನಮೂದಾಗಿವೆ. ನಾಳೆ ಒಂದು ಬೈಕಿಗೆ ಸಾಲ ಕೇಳಿದರೂ ಅದು ಎದುರು ಬರುತ್ತದೆ.

ಇಷ್ಟು ಹೇಳಿ, ಹಾಗಾದರೆ ಇಂಗ್ಲಿಷ್ ಕಲಿಯುವುದು ಹೇಗೆ ಎಂಬುದನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ತಮ್ಮ ಈಗ ಪಿ.ಜಿ.ಯ ಗೆಳೆಯನೊಬ್ಬನ ಜೊತೆ ದಿನಾ ರಾತ್ರಿ ಊಟದ ನಂತರ ಇಂಗ್ಲಿಷಿನಲ್ಲೇ ಮಾತನಾಡುತ್ತಾ ನಡೆದುಬರುತ್ತಾನೆ. ಬೆಳಿಗ್ಗೆ ಆಕಾಶವಾಣಿಯ ಇಂಗ್ಲಿಷ್ ವಾರ್ತೆ, ಬಸ್ಸಿನಲ್ಲಿ ಬಿಬಿಸಿಯ ಇಂಗ್ಲಿಷ್ ಕಲಿಕೆಯ ಉಚಿತ ಪಾಠ. ಪತ್ರಿಕೆಯ ಒಂದು ಸುದ್ದಿಯನ್ನು ಜೋರಾಗಿ ಓದಿ ಮೊಬೈಲಿನಲ್ಲಿ ಮುದ್ರಿಸಿಕೊಂಡು ತಾನೇ ಕೇಳುತ್ತಾನೆ. ನಿಧಾನವೇ, ಆದರೆ ನಾಲಿಗೆ ಹೊರಳುತ್ತಿದೆ. ಅಪರಿಚಿತರ ಜೊತೆ ಮಾತನಾಡಿಸುವ ಆ್ಯಪ್‌ಗಳ ಬಗ್ಗೆ ಮಾತ್ರ ನನಗೆ ಭಯ. ಅಲ್ಲಿ ಒಳ್ಳೆಯವರೂ ಇದ್ದಾರೆ. ಆದರೆ ಎರಡನೆಯ ದಿನವೇ ವಾಟ್ಸ್ಆ್ಯಪ್ ಸಂಖ್ಯೆ ಕೇಳುವವರು, ಮೂರನೆಯ ದಿನ ವಿಡಿಯೊ ಕರೆಗೆ ಒತ್ತಾಯಿಸುವವರು ಇಂಗ್ಲಿಷ್ ಕಲಿಸಲು ಬಂದವರಲ್ಲ. ವಿಡಿಯೊ ಮುದ್ರಿಸಿಕೊಂಡು ಹಣ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟರೆ ಮತ್ತೆ ಕೇಳುತ್ತಾರೆ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಮನೆಯಲ್ಲಿ ಯಾರಿಗಾದರೂ ಆ ದಿನವೇ ಹೇಳಿ.

ಕೊನೆಯದಾಗಿ, ನೀವು ಈಗಾಗಲೇ ಇಂಥ ಒಟಿಪಿಗಳನ್ನು ಕೊಟ್ಟು ಬಂದಿದ್ದರೆ ಇವತ್ತು ರಾತ್ರಿ ಮಲಗುವ ಮುನ್ನ ಇಮೇಲ್ ತೆರೆಯಿರಿ. ಸಾಲ ಕೊಟ್ಟ ಕಂಪನಿಯ ಹೆಸರು, ಮಂಜೂರಾತಿ ಪತ್ರ, ಅದರಲ್ಲಿ ‘ಕೂಲಿಂಗ್ ಆಫ್’ ಅವಧಿ ಎಷ್ಟೆಂದು ಹುಡುಕಿ. ಡಿಜಿಟಲ್ ಸಾಲಗಳಲ್ಲಿ ಕನಿಷ್ಠ ಒಂದು ದಿನವಾದರೂ ಈ ಅವಧಿ ಇರಲೇಬೇಕು. ಅದರೊಳಗೆ ಅಸಲನ್ನೂ ಅಷ್ಟು ದಿನಗಳ ಬಡ್ಡಿಯನ್ನೂ ಹಿಂದಿರುಗಿಸಿದರೆ ದಂಡವಿಲ್ಲದೆ ಹೊರಬರಬಹುದು. ಅಸಲು ಕೇಂದ್ರದ ಖಾತೆಗೆ ಹೋಗಿರುತ್ತದೆ, ಆದ್ದರಿಂದ ಅವರಿಗೂ ಅದೇ ಹೊತ್ತಿಗೆ ಹಣ ವಾಪಸು ಕೇಳಿ ಬರೆಯಿರಿ. ಬ್ಯಾಂಕಿಗೆ ಹೋಗಿ ಮ್ಯಾಂಡೇಟ್ ಒಂದನ್ನೇ ರದ್ದು ಮಾಡಿಸಿ ಸುಮ್ಮನಾಗಬೇಡಿ, ಕಡಿತ ನಿಲ್ಲುತ್ತದೆ, ಸಾಲ ನಿಲ್ಲುವುದಿಲ್ಲ. ಏನೇ ಕೇಳಿದರೂ ಇಮೇಲಿನಲ್ಲೇ ಕೇಳಿ, ಮೊದಲು ಸಾಲ ಕೊಟ್ಟವರಿಗೆ, ಪ್ರತಿಯನ್ನು ಕೇಂದ್ರಕ್ಕೆ. ‘ನಾನು ನೋಡಿಕೊಳ್ಳುತ್ತೇನೆ ಬಿಡು’ ಎಂದು ಕೌನ್ಸೆಲರ್ ಫೋನಿನಲ್ಲಿ ಹೇಳಿದರೆ, ಆ ಮಾತನ್ನೂ ಇಮೇಲಿನಲ್ಲಿ ಬರೆದು ಕಳುಹಿಸುವಂತೆ ಹೇಳಿ.