ಕಲಮಾಟಾ: ಆಲಿವ್‌ಗೆಂದೇ ಹೋದರೂ ಸರಿ

ಅಥೆನ್ಸ್‌ನಿಂದ ಬಸ್ಸಲ್ಲಿ ಸುಮಾರು ಮೂರು ಗಂಟೆ. ಗ್ರೀಸ್‌ಗೆ ಹೋದವರು ಜಾಸ್ತಿ ದ್ವೀಪಗಳ ಕಡೆಗೇ ಓಡುತ್ತಾರೆ, ಕಲಮಾಟಾ ಹಾಗೇ ಉಳಿದುಬಿಡುತ್ತದೆ. ನನಗಂತೂ ಈ ಊರು ತುಂಬಾ ಹಿಡಿಸಿತು.

ಮೊದಲು ಮಾರುಕಟ್ಟೆಗೆ ಹೋಗಿ. ಒಬ್ಬ ಅಜ್ಜಿ ಡಬ್ಬಿಯಿಂದ ಆಲಿವ್ ತೆಗೆದು ಅಂಗೈಗೆ ಹಾಕಿದರು. ಬಾದಾಮಿಯ ಹಾಗೆ ತುದಿ ಚೂಪು, ಬಣ್ಣ ಕಡು ನೇರಳೆ, ಉಪ್ಪುನೀರು ಒಳಗೆ ಇಳಿಯಲಿ ಅಂತ ಉದ್ದಕ್ಕೆ ಸೀಳಿದ ಗುರುತು. ಕಚ್ಚಿದರೆ ಮೊದಲು ವಿನೆಗರ್‌ನ ಹುಳಿ, ಆಮೇಲೆ ಉಪ್ಪು, ಕೊನೆಗೆ ನಾಲಿಗೆಯ ಮೇಲೆ ಸ್ವಲ್ಪ ಕಹಿ ಉಳಿಯುತ್ತದೆ, ನಮ್ಮ ಮಾವಿನ ಮಿಡಿ ತಿಂದ ಮೇಲೆ ಬಾಯಿ ಇನ್ನೊಂದು ಬೇಕು ಅನ್ನುತ್ತದಲ್ವಾ, ಹಾಗೆ. ಬೀಜ ಇರುವುದನ್ನೇ ತಗೊಳ್ಳಿ. ಸಮುದ್ರದ ಹತ್ತಿರ ಒಂದು ಅಂಗಡಿಯಲ್ಲಿ ಬೀಜ ತೆಗೆದಿದ್ದು ಕೊಂಡೆ, ಮೆತ್ತಗಾಗಿತ್ತು, ರುಚಿಯೇ ಇರಲಿಲ್ಲ.

ಹಳೇ ಊರಲ್ಲಿ ಪುಟ್ಟ ಹೋಲಿ ಅಪೋಸಲ್ಸ್ ಚರ್ಚ್ ಇದೆ. 1821ರ ಮಾರ್ಚ್ 23ರಂದು ಊರು ಆಟೊಮನ್ ತುರ್ಕರ ಆಳ್ವಿಕೆಯಿಂದ ಬಿಡುಗಡೆಯಾದ ನೆನಪು ಇದರ ಜೊತೆಗೇ ಬೆಸೆದುಕೊಂಡಿದೆ. ಕಲ್ಲು ಮುಟ್ಟಿ ಸುಮ್ನೆ ನಿಂತುಕೊಂಡೆ. 1986ರ ಭೂಕಂಪದಲ್ಲಿ ಊರಿಗೆ ಭಾರಿ ಪೆಟ್ಟು ಬಿದ್ದಿತ್ತು, ಅದಕ್ಕೇ ಹಳೇ ಮನೆಗಳ ನಡುವೆ ಇಷ್ಟೊಂದು ಹೊಸ ಕಟ್ಟಡ.

ಕೋಟೆ ಹತ್ತಲು ಸಂಜೆ ಒಳ್ಳೆಯದು. ಮೇಲಿಂದ ಒಂದು ಕಡೆ ಟೈಗೆಟಸ್ ಬೆಟ್ಟ, ಇನ್ನೊಂದು ಕಡೆ ಮೆಸ್ಸಿನಿಯಾ ಕೊಲ್ಲಿ. ಮಕ್ಕಳಿದ್ದರೆ ರೈಲ್ವೆ ಪಾರ್ಕ್ ಬಿಡಬೇಡಿ, ಹಳೇ ಉಗಿಬಂಡಿಗಳಿವೆ.

ಎರಡು ದಿನವಾದರೂ ಇಟ್ಟುಕೊಳ್ಳಿ. ವಾಪಸ್ ಬರುವಾಗ ಆಲಿವ್ ಡಬ್ಬಿಯನ್ನು ಚೆಕ್-ಇನ್ ಬ್ಯಾಗಿಗೇ ಹಾಕಿ.