ಮನೆಗೇ ಬಂದು ಮಾಡುವ ಹಾರ್ಮೋನ್ ಟೆಸ್ಟ್: ಐದಕ್ಕೆ ಎರಡು ಸ್ಟಾರ್

ಮೊದಲು ಒಳ್ಳೆಯದನ್ನೇ ಹೇಳಿಬಿಡುತ್ತೇನೆ. ಆ್ಯಪ್‌ನಲ್ಲಿ ಬುಕ್ ಮಾಡಿದೆ, ಮನೆಗೇ ಬಂದರು, ಬಂದ ಹುಡುಗ ಒಂದೇ ಸಲಕ್ಕೆ ನರ ಹಿಡಿದ, ಮಾರನೇ ದಿನ ರಿಪೋರ್ಟ್ ಫೋನಿಗೆ ಬಂತು. ಎರಡು ಸ್ಟಾರ್ ಅದಕ್ಕೇ.

ನನಗೆ ಹೊಟ್ಟೆ ಬಂದಿದೆ. ಯಾವಾಗಲೂ ಸುಸ್ತು, ಆ ಕಡೆ ಆಸಕ್ತಿಯೂ ಕಮ್ಮಿ. ಅದಕ್ಕೇ ಗಂಡಸರ ಹಾರ್ಮೋನ್ ಪ್ಯಾಕೇಜ್ ತೆಗೆದುಕೊಂಡೆ. ಅವರು ಕೊಟ್ಟ ಟೈಮ್ ಮಧ್ಯಾಹ್ನ ಮೂರು ಗಂಟೆ, ಅಷ್ಟರಲ್ಲಿ ಊಟವೂ ಆಗಿತ್ತು, ಪರವಾಗಿಲ್ಲ ಅಂದರು. ಗಂಡಸರ ಮುಖ್ಯ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ 270 (ng/dL ಲೆಕ್ಕದಲ್ಲಿ) ಬಂತು. ಕೆಂಪು ಅಕ್ಷರದಲ್ಲಿ 'ಕಡಿಮೆ' ಅಂತ ಬರೆದು, ಅದರ ಕೆಳಗೇ ಬೂಸ್ಟರ್ ಮಾತ್ರೆ ಕೊಳ್ಳುವ ಬಟನ್! ಟೆಸ್ಟ್ ಮಾಡುವವರೇ ಮಾತ್ರೆ ಮಾರಿದರೆ ಇನ್ನೇನಾಗುತ್ತೆ ಅಲ್ವಾ.

ರಿಪೋರ್ಟ್ ನೋಡಿ ನಮ್ಮ ಡಾಕ್ಟರ್ ನಕ್ಕರು. ಈ ಹಾರ್ಮೋನ್ ಬೆಳಿಗ್ಗೆ ಜಾಸ್ತಿ ಇರುತ್ತದೆ, ಹೊತ್ತು ಹೋದಂತೆ ಇಳಿಯುತ್ತದೆ, ಊಟವಾದ ಮೇಲೂ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ನೋಡಬೇಕಂತೆ. ಎರಡು ಸಲವೂ 300ಕ್ಕಿಂತ ಕೆಳಗಿದ್ದರೆ ಆಗ ಯೋಚನೆ ಮಾಡೋಣ ಅಂದರು. ನನಗೆ 345, 330 ಬಂತು.

ನನಗೆ ಸಿಟ್ಟು ಬಂದಿದ್ದು ಇನ್ನೊಂದಕ್ಕೆ. ರಕ್ತದಲ್ಲಿ ಟೆಸ್ಟೋಸ್ಟೆರಾನನ್ನು ಹೊತ್ತು ತಿರುಗುವ ಎಸ್‌ಎಚ್‌ಬಿಜಿ ಅನ್ನುವ ಪ್ರೋಟೀನ್ ಇದೆ. ಬೊಜ್ಜು ಬಂದು ಇನ್ಸುಲಿನ್ ಏರಿದರೆ ಲಿವರ್ ಇದನ್ನು ಕಡಿಮೆ ಮಾಡುತ್ತದೆ. ಹೊರುವವನೇ ಕಮ್ಮಿಯಾದಾಗ ಒಟ್ಟು ಲೆಕ್ಕವೂ ಕಮ್ಮಿ ಕಾಣುತ್ತದೆ, ಆದರೆ ಮೈ ಬಳಸಿಕೊಳ್ಳುವ ಬಿಡಿ ಹಾರ್ಮೋನ್ ಸರಿಯಾಗೇ ಇರಬಹುದು. ನನ್ನದೂ ಅದೇ ಕಥೆ. ಪ್ಯಾಕೇಜಿನಲ್ಲಿ ವಿಟಮಿನ್‌ಗಳಿಂದ ಹಿಡಿದು ಇಪ್ಪತ್ತೆಂಟು ಟೆಸ್ಟ್ ಇವೆ, ಎಸ್‌ಎಚ್‌ಬಿಜಿ ಇಲ್ಲ, ಟೆಸ್ಟೋಸ್ಟೆರಾನ್ ಮಾಡು ಅಂತ ಮೆದುಳಿನ ಕಡೆಯಿಂದ ವೃಷಣಗಳಿಗೆ ಹೋಗುವ ಎಲ್‌ಎಚ್ ಅನ್ನುವ ಹಾರ್ಮೋನ್ ಕೂಡ ಇಲ್ಲ. ಹೊಟ್ಟೆ ಇರುವವನಿಗೆ ಬೇಕಾದದ್ದೇ ಇಲ್ಲ!

ಹಾಗಂತ ಹೊಟ್ಟೆಯದು ತಪ್ಪೇ ಇಲ್ಲ ಅಂತಲ್ಲ. ಕೊಬ್ಬು ಸುಮ್ನೆ ತೂಕವಲ್ಲ, ಅದರಲ್ಲಿರುವ ಅರೋಮಟೇಸ್ ಅನ್ನುವ ಕಿಣ್ವ ಟೆಸ್ಟೋಸ್ಟೆರಾನನ್ನೇ ಈಸ್ಟ್ರೋಜನ್ ಮಾಡಿಬಿಡುತ್ತದೆ, ಅದು ಹೆಚ್ಚಾದರೆ ಮೆದುಳು ಸಾಕು ಅಂದುಕೊಂಡು ಎಲ್‌ಎಚ್ ಕಳಿಸುವುದನ್ನು ತಗ್ಗಿಸುತ್ತದೆ, ಆ ಹುಕುಂ ಇಲ್ಲದೆ ವೃಷಣಗಳೂ ಕೆಲಸ ನಿಧಾನ ಮಾಡುತ್ತವೆ. ಟೆಸ್ಟೋಸ್ಟೆರಾನ್ ಇಳಿದರೆ ಮತ್ತೆ ಹೊಟ್ಟೆ ಬೆಳೆಯುತ್ತದೆ. ತೂಕ ಇಳಿಸಿದರೆ ಹಾರ್ಮೋನ್ ಏರುತ್ತದೆ, ಜಾಸ್ತಿ ಇಳಿಸಿದಷ್ಟೂ ಜಾಸ್ತಿ. ರಿಪೋರ್ಟಿನಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ.

ಆಮೇಲೆ ಅವರ ಸಲಹೆಗಾರ ಅಂತ ಒಬ್ಬರು ಫೋನ್ ಮಾಡಿ, ಮಾತ್ರೆ ಬೇಡವಾದರೆ ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿ ಅಂದರು. ಮಕ್ಕಳು ಬೇಕಾ ಅಂತ ಕೇಳಲೇ ಇಲ್ಲ! ಹೊರಗಿನಿಂದ ಟೆಸ್ಟೋಸ್ಟೆರಾನ್ ಹಾಕಿದರೆ ಎಲ್‌ಎಚ್, ಅದರ ಜೊತೆಗೆ ವೀರ್ಯಾಣುವಿಗೆ ಬೇಕಾದ ಎಫ್‌ಎಸ್‌ಎಚ್ ಅನ್ನುವ ಹಾರ್ಮೋನ್, ಎರಡೂ ಕುಸಿದು ವೀರ್ಯಾಣು ಹುಟ್ಟುವುದೇ ನಿಲ್ಲಬಹುದು. ನಾವು ಮಗುವಿಗೆ ನೋಡುತ್ತಿದ್ದೇವೆ ಅಂದಾಗ ಫೋನ್ ಆ ಕಡೆ ಸುಮ್ಮನಾಯಿತು.

ಇವರ ಹತ್ತಿರವೇ ಮಾಡಿಸುವುದಾದರೆ ಪ್ಯಾಕೇಜ್ ಬಿಡಿ. ಬೆಳಗಿನ ಮೊದಲ ಸ್ಲಾಟ್ ಕೇಳಿ, ಬೇಕಾದ ಟೆಸ್ಟ್ ಮಾತ್ರ ಬಿಡಿಬಿಡಿಯಾಗಿ ಬುಕ್ ಮಾಡಿ. ರಕ್ತ ತೆಗೆಯುವ ಹುಡುಗ ನಿಜವಾಗಲೂ ಚೆನ್ನಾಗಿ ತೆಗೆಯುತ್ತಾನೆ.